ಹುಂಜ ಊರಿಗೆ ಹೋಗಲಿ, ಹೇಂಟೆಗಳು ಹಿತ್ತಲಲ್ಲೇ ಇರಲಿ

ಪಶುವೈದ್ಯರಿಗೆ ಪ್ರಶ್ನೆ

ಮಳೆಗಾಲದಲ್ಲಿ ನನಗೆ ಬರುವ ಪತ್ರಗಳು ಹೆಚ್ಚಾಗಿ ಎಮ್ಮೆಯ ಗಂಟಲುಬೇನೆ, ಕುರಿಯ ಕರುಳುಬೇನೆ, ಹಸುವಿನ ಕೆಚ್ಚಲುಬಾವಿನ ಬಗ್ಗೆ ಇರುತ್ತವೆ. ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳಗಳಿಂದ ಬಂದ ಮೂರು ಪತ್ರಗಳಲ್ಲಿ ಬಡಾವಣೆಯೊಳಗಿನ ಕೋಳಿಯದೇ ಜಗಳ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪುಟವನ್ನೆಲ್ಲ ಇವಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟರರೇ, ನನಗೆ ಐವತ್ತೆಂಟು ವರ್ಷ. ಬಳ್ಳಾರಿ ಊರಾಚೆಯ ಬಡಾವಣೆಯೊಂದರಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಸ್ವಂತ ಮನೆ ಇದೆ. ಯಜಮಾನರು ತೀರಿಕೊಂಡ ವರ್ಷ ಸಿರುಗುಪ್ಪದ ಕಡೆಯ ನನ್ನ ತಮ್ಮ ಎರಡು ಜವಾರಿ ಹೇಂಟೆಗಳನ್ನು ತಂದು ಬಿಟ್ಟು ಹೋದ. ಈಗ ಏಳು ಹೇಂಟೆ, ಒಂದು ಹುಂಜ ಇವೆ. ನುಗ್ಗೆ ಗಿಡದ ಕೆಳಗೆ ತಗಡಿನ ಗೂಡು ಮಾಡಿಸಿದ್ದೇನೆ. ಮೊಮ್ಮಗನಿಗೆ ಆಗಿ ಉಳಿದ ತತ್ತಿಗಳನ್ನು ಎರಡು ಮನೆಯವರು ಕೊಳ್ಳುತ್ತಾರೆ. ಕಳೆದ ವಾರ ನಿವಾಸಿಗಳ ಸಂಘದವರು ಗೇಟಿಗೆ ನೋಟಿಸು ಅಂಟಿಸಿದರು. ಹದಿನೈದು ದಿನದಲ್ಲಿ ಕೋಳಿ ತೆಗೆಯಬೇಕು, ಇಲ್ಲದಿದ್ದರೆ ದಿನಕ್ಕೆ ನೂರು ರೂಪಾಯಿ ದಂಡ, ನಳದ ನೀರೂ ಬಂದ್ ಎಂದಿದೆ. ಕೂಗು, ವಾಸನೆ, ಹಾವು, ಹಕ್ಕಿಜ್ವರ ಎಂದು ಕಾರಣ ಬರೆದಿದ್ದಾರೆ. ಮನೆಗಳಿಂದ 500 ಮೀಟರ್ ಒಳಗೆ ಕೋಳಿ ಸಾಕಬಾರದೆಂದು ಸರ್ಕಾರದ ನಿಯಮವಿದೆಯಂತೆ. ಅಧ್ಯಕ್ಷರು ಅಮೆರಿಕದಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದವರು. ಅಲ್ಲಿ ಸಂಘ ಬೇಡ ಎಂದರೆ ಮುಗಿಯಿತು, ಯಾರೂ ಎದುರಾಡುವುದಿಲ್ಲ ಎನ್ನುತ್ತಾರೆ. ಮುಚ್ಚಳಿಕೆ ಬರೆದುಕೊಡಿ ಎಂದು ಎರಡು ಸಲ ಆಳು ಕಳಿಸಿದ್ದಾರೆ. ದೂರು ಕೊಟ್ಟವನು ಪಕ್ಕದ ಮನೆಯ ಹುಡುಗ ಎಂದು ಕೇಳಿದೆ. ತೋರಣಗಲ್ಲಿನಲ್ಲಿ ಕೆಲಸ, ಎರಡನೆಯ ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಬರುತ್ತಾನೆ. ಇದರ ನಡುವೆ ಒಂದು ಹೇಂಟೆ ಕಾವಿಗೆ ಕೂತು ಐದು ದಿನವಾಯಿತು. ನಾನು ಏನು ಮಾಡಲಿ?
(ಹೆಸರು ಬೇಡ ಎಂದವರು, ಬಳ್ಳಾರಿ)

ಉತ್ತರ: ತಾಯಿ, ಪತ್ರಿಕೆ ಅಚ್ಚಾಗುವಷ್ಟರಲ್ಲಿ ನಿಮ್ಮ ಗಡುವು ಮುಗಿದು ಹೋದೀತೆಂದು ಅಂಚೆಯಲ್ಲಿ ಮೊದಲೇ ಒಂದು ಉತ್ತರ ಬರೆದಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥದೇ ನೋಟಿಸು ಇನ್ನೂ ಹತ್ತು ಗೇಟುಗಳ ಮೇಲೆ ಅಂಟಿರಬಹುದು. ಕಾನೂನಿನ ಭಾಗವನ್ನು ವಕೀಲ ಗೆಳೆಯರೊಬ್ಬರ ಮನೆಯಲ್ಲಿ ಕೂತು, ಪುಸ್ತಕ ತೆಗೆಸಿ ಓದಿಸಿಕೊಂಡು ಬರೆದಿದ್ದೇನೆ. ಕೋಳಿಯ ಭಾಗಕ್ಕೆ ನಾನೇ ಜವಾಬ್ದಾರ. ಸಂಡೂರು, ಸಿರುಗುಪ್ಪ, ಮಾನ್ವಿ, ಕುಷ್ಟಗಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಶು ಆಸ್ಪತ್ರೆ ನಡೆಸಿದವನು ನಾನು.

ಮೊದಲ ಮಾತು, ಮುಚ್ಚಳಿಕೆಗೆ ಸಹಿ ಹಾಕಬೇಡಿ. ಸಹಿ ಹಾಕಿದ ಕಾಗದ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಅಧ್ಯಕ್ಷರು ಅಮೆರಿಕದ ಬಗ್ಗೆ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅದು ಅಲ್ಲಿಗೆ ಸರಿ. ಅಲ್ಲಿ ಸಂಘದ ಷರತ್ತುಗಳು ಮನೆಯ ದಾಖಲೆಯ ಜೊತೆ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾಗಿರುತ್ತವೆ. ಮನೆ ಎಷ್ಟು ಕೈ ಬದಲಾದರೂ ಷರತ್ತುಗಳು ಮನೆಯ ಹಿಂದೆಯೇ ಬರುತ್ತವೆ. ಊರಿನ ನಗರಾಡಳಿತ ನಾಲ್ಕಾರು ಹೇಂಟೆಗಳನ್ನು ಸಾಕಲು ಬಿಟ್ಟಿದ್ದರೂ ಸಂಘದ ಷರತ್ತು ಬೇಡವೆಂದರೆ ಬೇಡ. ದಂಡ ಹಾಕುತ್ತಾರೆ, ಕಟ್ಟದಿದ್ದರೆ ಆ ಬಾಕಿಯನ್ನು ಮನೆಯ ಮೇಲೆ ಬೋಜಾ ಕೂರಿಸುವ ಅಧಿಕಾರವೂ ಹಲವು ಕಡೆ ಇದೆ. ಮನೆ ಕೊಳ್ಳುವಾಗಲೇ ಒಪ್ಪಿಕೊಂಡ ಕರಾರು ಅದು.

ನಿಮ್ಮ ಸಂಘದ ಜಾತಕ ಬೇರೆ. ನಿವೇಶನಗಳ ಬಡಾವಣೆಯ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಹುಟ್ಟಿದವು. ಅದು ಇಷ್ಟವಿದ್ದವರು ಸೇರಿ ಕಟ್ಟಿಕೊಂಡ ಸಂಘ. ಅದರ ಬೈಲಾ ಅದರ ಸದಸ್ಯರಿಗೆ ಅನ್ವಯಿಸುತ್ತದೆ. ನೀವು ಸದಸ್ಯರಾಗಿದ್ದೀರಾ, ಬೈಲಾದಲ್ಲಿ ಸಾಕುಪ್ರಾಣಿಯ ಮಾತಿದೆಯೇ, ದಂಡ ಹಾಕುವ ಅಧಿಕಾರ ಬರೆದಿದೆಯೇ, ಈ ಠರಾವು ಸರ್ವಸದಸ್ಯರ ಸಭೆಯಲ್ಲಿ ಆಯಿತೇ ಅಥವಾ ನಾಲ್ಕು ಜನ ಸಂಜೆ ಕೂತು ಬರೆದರೇ, ಇವುಗಳನ್ನು ಲಿಖಿತವಾಗಿ ಕೇಳಿ. ಹಾಗೆಯೇ ನಿಮ್ಮ ಕ್ರಯಪತ್ರವನ್ನು ಕಪಾಟಿನಿಂದ ತೆಗೆದು ಷರತ್ತುಗಳ ಪುಟವನ್ನು ಒಂದೊಂದು ಸಾಲೂ ಓದಿ. ನಗರಾಭಿವೃದ್ಧಿ ಪ್ರಾಧಿಕಾರದಿಂದ ಹಂಚಿಕೆಯಾದ ನಿವೇಶನವಾದರೆ ಹಂಚಿಕೆ ಪತ್ರವನ್ನೂ ನೋಡಿ. ಕೋಳಿ ಕೂಡದೆಂದು ಅಲ್ಲಿ ಬರೆದಿದ್ದರೆ ನಿಮ್ಮ ಪಕ್ಷ ದುರ್ಬಲ, ಅದನ್ನು ಮುಚ್ಚಿಡಲಾರೆ. ಇಲ್ಲದಿದ್ದರೆ ಒಂದು ಸಂಘದ ಕಾಗದ ನಿಮ್ಮ ಹಿತ್ತಲೊಳಗೆ ಬಂದು ಗೂಡು ಕೀಳಲಾರದು.

ನೀರಿನ ಬೆದರಿಕೆ ನನಗೆ ಬಹಳ ಸಿಟ್ಟು ತರಿಸಿತು. ಮಹಾನಗರ ಪಾಲಿಕೆಯ ನಳವನ್ನು ಬಂದ್ ಮಾಡಲು ಸಂಘಕ್ಕೆ ಯಾವ ಅಧಿಕಾರವೂ ಇಲ್ಲ. ಬಳ್ಳಾರಿಯಲ್ಲಿ ನೀರು ಬರುವ ದಿನಕ್ಕಾಗಿ ಡ್ರಮ್ಮು ತೊಳೆದಿಟ್ಟು ಕಾಯುವ ಹೆಣ್ಣುಮಗಳಿಗೆ ಹೀಗೆ ಹೆದರಿಸುವುದು ಸಭ್ಯರ ಕೆಲಸವಲ್ಲ. ವಾಲ್ವಿಗೆ ಯಾರಾದರೂ ಕೈ ಹಾಕಿದರೆ ಅದೇ ದಿನ ಪಾಲಿಕೆಗೂ ಪೊಲೀಸ್ ಠಾಣೆಗೂ ದೂರು ಬರೆಯಿರಿ.

500 ಮೀಟರಿನ ನಿಯಮ ಇರುವುದು ನಿಜ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲಿ ಅದು ಬರುತ್ತದೆ. ಆದರೆ ಆ ಮಾರ್ಗಸೂಚಿ ಬರೆದದ್ದು 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂಗಳಿಗೆ. ನಿಮ್ಮಲ್ಲಿರುವುದು ಎಂಟು. ಉತ್ತರದಲ್ಲಿ ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದು ಬರೆಯಿರಿ.

ಇಷ್ಟು ಸಂಘಕ್ಕೆ. ಇನ್ನು ನಿಮಗೆ ಹೇಳಬೇಕಾದದ್ದು ಇದೆ, ಸ್ವಲ್ಪ ಕಹಿಯಾಗಿರಬಹುದು. ಪಕ್ಕದ ಮನೆಯ ಹುಡುಗನದು ನ್ಯಾಯವಾದ ದೂರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬಲ್ ದಾಟಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ನಾಲ್ಕಕ್ಕೆ ಕೂಗುವ ಹುಂಜ ಅದನ್ನು ಸುಲಭವಾಗಿ ದಾಟುತ್ತದೆ. ನಡುರಾತ್ರಿ ಮನೆಗೆ ಬಂದು, ಉಂಡು, ಒಂದು ಗಂಟೆಗೆ ಕಣ್ಣು ಮುಚ್ಚುವ ದುಡಿಯುವ ಹುಡುಗನಿಗೆ ನಿಮ್ಮ ಹುಂಜ ಕೊಡುವ ನಿದ್ದೆ ಮೂರು ಗಂಟೆಯದು. ನಿಮ್ಮ ಮಗನಿಗೆ ಹೀಗಾಗಿದ್ದರೆ ನೀವೇ ಏಳು ಮನೆಗೆ ಕೇಳುವಂತೆ ಜಗಳ ಮಾಡುತ್ತಿದ್ದಿರಿ.

ಹುಂಜ ಬೆಳಕು ಕಂಡು ಕೂಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬೀದಿದೀಪ, ಕಾರಿನ ದೀಪಕ್ಕೂ ಅದು ಕೂಗುವುದುಂಟು. ಆದರೆ ಮುಂಜಾನೆಯ ಕೂಗು ಅದರ ಮೈಯೊಳಗಿನ ಗಡಿಯಾರದ್ದು. ಕತ್ತಲೆ ಕೋಣೆಯಲ್ಲಿ ಇಟ್ಟರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಕತ್ತು ಎತ್ತಲಾಗದಷ್ಟು ತಗ್ಗಿನ ಪೆಟ್ಟಿಗೆಯಲ್ಲಿ ರಾತ್ರಿ ಮುಚ್ಚಿಟ್ಟರೆ ಶಬ್ದ ಕಡಿಮೆಯಾದೀತೇ ಹೊರತು ನಿಲ್ಲದು, ನಮ್ಮ ಬೇಸಿಗೆಯಲ್ಲಿ ಹಾಗೆ ಮುಚ್ಚಿಡುವುದು ಪ್ರಾಣಿಗೆ ಹಿಂಸೆ ಬೇರೆ. ಕತ್ತಿಗೆ ಪಟ್ಟಿ ಬಿಗಿಯುವ ಉಪಾಯವನ್ನು ಮೊಬೈಲಿನಲ್ಲಿ ಯಾರಾದರೂ ತೋರಿಸಿದರೆ ಕೇಳಬೇಡಿ. ಉಸಿರು ಕಟ್ಟಿ ಸತ್ತ ಹುಂಜಗಳನ್ನು ನಾನು ನೋಡಿದ್ದೇನೆ.

ತತ್ತಿಗೆ ಹುಂಜ ಬೇಕೇ ಬೇಕೆಂಬ ನಂಬಿಕೆಯೊಂದು ನಮ್ಮಲ್ಲಿದೆ. ಬೇಕಿಲ್ಲ ತಾಯಿ. ಹುಂಜ ಇಲ್ಲದೆಯೂ ಹೇಂಟೆ ಅಷ್ಟೇ ತತ್ತಿ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ. ಮರಿ ಬೇಕಾದಾಗ ತಮ್ಮನ ಮನೆಯಿಂದ ಹುಂಜ ಕೂಡಿದ ತತ್ತಿಗಳನ್ನು ತರಿಸಿ ಕಾವಿಗೆ ಇಟ್ಟರಾಯಿತು. ಆದ್ದರಿಂದ ನನ್ನ ತೀರ್ಮಾನ ಇದು. ಹುಂಜವನ್ನು ಈ ವಾರವೇ ತವರಿಗೆ ಕಳಿಸಿ. ಕಳಿಸುವ ಮೊದಲು ಆ ಹುಡುಗನ ಮನೆಗೆ ನೀವೇ ಹೋಗಿ, ಅವನ ತಾಯಿ ಇದ್ದಾಗ, "ನಿನ್ನ ನಿದ್ದೆ ಕೆಟ್ಟದ್ದು ನನಗೆ ತಿಳಿದಿರಲಿಲ್ಲಪ್ಪಾ, ಹುಂಜವನ್ನು ಊರಿಗೆ ಕಳಿಸುತ್ತಿದ್ದೇನೆ" ಎಂದು ಹೇಳಿ ಬನ್ನಿ. ಸಂಘಕ್ಕೆ ಹೇಳುವುದಕ್ಕಿಂತ ಮೊದಲು ಅವನಿಗೆ ಹೇಳಬೇಕು. ಹೇಂಟೆ ತತ್ತಿ ಇಟ್ಟ ಮೇಲೆ ಐದು ಹತ್ತು ನಿಮಿಷ ಕೊಕ್ಕೊಕ್ಕೋ ಎಂದು ಸಾರುವುದು ಹಗಲಿನ ಮಾತು, ಅದನ್ನು ನೆರೆಹೊರೆ ಸಹಿಸಬೇಕು.

ವಾಸನೆಗೆ ಬರುತ್ತೇನೆ. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಅದು ಒಣಗಿದ್ದಾಗ ಹೆಚ್ಚು ನಾತ ಬರದು. ಒದ್ದೆಯಾದಾಗ ಅದರೊಳಗಿನ ಯೂರಿಕ್ ಆಮ್ಲ ಕೊಳೆತು ಅಮೋನಿಯಾ ಆಗುತ್ತದೆ, ಮೂಗಿಗೆ ಚುಚ್ಚುವುದು ಅದೇ. ಹಾಗಾಗಿ ನೆಲ ಒಣಗಿರುವಂತೆ ನೋಡಿಕೊಂಡರೆ ಮುಕ್ಕಾಲು ಜಗಳ ಮುಗಿಯುತ್ತದೆ. ಬಳ್ಳಾರಿಯ ಸುತ್ತಲಿನ ಬಡಾವಣೆಗಳು ಬಹುಪಾಲು ಎದ್ದಿರುವುದು ಎರೆಹೊಲದ ಮೇಲೆ. ನಾಲ್ಕು ಹನಿ ಬಿದ್ದರೆ ಎರೆ ಮಣ್ಣು ಕೆಸರು, ಮೂರು ದಿನ ಆರುವುದಿಲ್ಲ. ಗೂಡಿನ ಕೆಳಗೆ ಅರ್ಧ ಅಡಿ ಗರಸು ಹಾಕಿಸಿ ಎತ್ತರಿಸಿ. ಅದರ ಮೇಲೆ ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ. ಸಿರುಗುಪ್ಪದ ಅಕ್ಕಿ ಗಿರಣಿಗಳ ಮುಂದೆ ಹೊಟ್ಟಿನ ಗುಡ್ಡೆಯೇ ಇರುತ್ತದೆ, ತಮ್ಮನಿಗೆ ಹೇಳಿದರೆ ಹುಂಜ ಕೊಂಡೊಯ್ಯಲು ಬರುವಾಗ ನಾಲ್ಕು ಚೀಲ ತಂದಾನು. ಹೊಟ್ಟು ಸಿಗದಿದ್ದರೆ ಶೇಂಗಾ ಸಿಪ್ಪೆ ಆಗುತ್ತದೆ. ದಿನಾ ಒಮ್ಮೆ ಕೆದಕಿ, ಒದ್ದೆಯಾದಷ್ಟನ್ನು ಎತ್ತಿ ಹೊಸದು ಹಾಕಿ. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲೆ, ಗೂಡಿನ ಹೊರಗೆ ಇಡಿ. ಗೂಡು ಒದ್ದೆಯಾಗುವುದು ಹೆಚ್ಚಾಗಿ ಕೋಳಿ ಚೆಲ್ಲುವ ನೀರಿನಿಂದಲೇ.

ನೊಣ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ನಮ್ಮ ಸೆಕೆಯಲ್ಲಿ ವಾರದಿಂದ ಹತ್ತು ದಿನ ಸಾಕು. ಅಂದರೆ ಎರಡು ಮೂರು ದಿನಕ್ಕೊಮ್ಮೆ ಹಿಕ್ಕೆ ತೆಗೆದರೆ ನೊಣದ ಸಂತಾನ ಅಲ್ಲಿಗೇ ನಿಲ್ಲುತ್ತದೆ. ತೆಗೆದದ್ದನ್ನು ಒಣಗಿದ ಎಲೆಯ ಜೊತೆ ಬೆರೆಸಿ ಮುಚ್ಚಳವಿರುವ ಡ್ರಮ್ಮಿನಲ್ಲಿ ಎರಡು ಮೂರು ತಿಂಗಳು ಕಳಿಯಲು ಬಿಡಿ. ಹಸಿ ಹಿಕ್ಕೆ ಗಿಡದ ಬೇರನ್ನು ಸುಡುತ್ತದೆ, ಕಳಿತದ್ದು ಕರಿಬೇವಿಗೂ ಮಲ್ಲಿಗೆಗೂ ಬಂಗಾರ. ಎದುರು ಮನೆಯವರಿಗೂ ಒಂದು ಬುಟ್ಟಿ ಕೊಡಿ.

ನೀವು ಬರೆದ ತಗಡಿನ ಗೂಡು ನನಗೆ ಹಿಡಿಸಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತೆರಡು ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರುವ ಗ್ರಂಥಿ ಇಲ್ಲ, ಬಾಯಿ ತೆರೆದು ತೇಕಿಯೇ ಮೈ ತಣಿಸಿಕೊಳ್ಳಬೇಕು. ತಗಡಿನ ಮೇಲೆ ತೆಂಗಿನ ಗರಿ ಅಥವಾ ಭತ್ತದ ಹುಲ್ಲು ದಪ್ಪಗೆ ಹಾಸಿ, ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ನೇರವಾಗಿ ಒಳಗೆ ಬೀಳದು. ಒಂದು ಕೋಳಿಗೆ ಎರಡು ಚದರ ಅಡಿಗೆ ಕಡಿಮೆ ಇಲ್ಲದಂತೆ ಜಾಗ ಬೇಕು. ಏಳಕ್ಕಿಂತ ಹೆಚ್ಚಿಸಬೇಡಿ. ಇದು ಯಾವ ಕಾನೂನಿನಲ್ಲಿ ಬರೆದ ಅಂಕಿಯೂ ಅಲ್ಲ, ಮೂವತ್ತು ನಲವತ್ತರ ನಿವೇಶನದ ಹಿತ್ತಲಿಗೆ ನಾನು ಹಾಕುವ ಮಿತಿ.

ಹಾವಿನ ಮಾತು. ಹಾವು ಬರುವುದು ಇಲಿಗೆ, ಇಲಿ ಬರುವುದು ಚೆಲ್ಲಿದ ಸಜ್ಜೆಗೆ, ಜೋಳದ ನುಚ್ಚಿಗೆ. ತತ್ತಿ ಮತ್ತು ಮರಿಗಳ ಆಸೆಗೂ ಬರಬಹುದು. ಸಂಜೆ ಕಾಳಿನ ಪಾತ್ರೆ ಎತ್ತಿ ಡಬ್ಬಿಗೆ ಹಾಕಿ, ತತ್ತಿಯನ್ನು ಅದೇ ದಿನ ತೆಗೆಯಿರಿ, ಗೂಡಿಗೆ ಅರ್ಧ ಇಂಚಿನ ಜಾಲರಿ ಹೊಡೆಸಿ. ಮುಂಗುಸಿಗೂ ಬೀದಿನಾಯಿಗೂ ಅದೇ ಮದ್ದು.

ಹಕ್ಕಿಜ್ವರದ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. 2025ರ ಆರಂಭದಲ್ಲಿ ನಮ್ಮ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲೇ, ಸರ್ಕಾರದ ಕೋಳಿ ಕೇಂದ್ರದಲ್ಲೇ ಅದು ಕಾಣಿಸಿಕೊಂಡಿತು. ಅಂಥ ಕಡೆ ಸುತ್ತಲಿನ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಗುತ್ತದೆ, ಹತ್ತು ಕಿಲೋಮೀಟರಿನವರೆಗೆ ನಿಗಾ ಇಡಬೇಕಾಗುತ್ತದೆ. ಅಂಥ ದಿನ ಬಂದರೆ, ಎಷ್ಟೇ ಸಂಕಟವಾದರೂ, ನೀವು ಒಂದೂ ಕೋಳಿಯನ್ನು ಬಚ್ಚಿಡಬಾರದು. ಆದರೆ ರೋಗವಿಲ್ಲದ ಊರಿನಲ್ಲಿ, ರೋಗವಿಲ್ಲದ ಏಳು ಕೋಳಿಗಳನ್ನು ಆ ಹೆಸರು ಹೇಳಿ ಓಡಿಸುವುದು ಸರಿಯಲ್ಲ. ಚಳಿಗಾಲದಲ್ಲಿ ತುಂಗಭದ್ರೆಯ ಹಿನ್ನೀರಿಗೆ ಹೊರಗಿನ ಹಕ್ಕಿಗಳು ಬರುತ್ತವೆ. ಕಾಡುಹಕ್ಕಿಗಳು ನಿಮ್ಮ ಕೋಳಿಯ ನೀರು ಕುಡಿಯದಂತೆ ಮೇಲೆ ಬಲೆ ಕಟ್ಟಿ. ಒಂದೇ ದಿನ ಎರಡು ಮೂರು ಕೋಳಿ ಸತ್ತರೆ ತಿನ್ನದೆ, ಎಸೆಯದೆ 1962ಕ್ಕೆ ಕರೆ ಮಾಡಿ, ಅದು ಪಶು ಸಹಾಯವಾಣಿ. ತತ್ತಿಯನ್ನು ಒಳಗಿನ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ. 70 ಡಿಗ್ರಿ ಬಿಸಿಯಲ್ಲಿ ಆ ವೈರಾಣು ಬದುಕುವುದಿಲ್ಲ. ಮೊಮ್ಮಗ ಮರಿಗಳನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ಹಿತ್ತಲ ಕೋಳಿಯನ್ನು ನಿಜವಾಗಿ ಸಾಲುಸಾಲಾಗಿ ಕೆಡವುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬೇನೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಲಸೋಟಾ ಲಸಿಕೆಯ ಒಂದು ಹನಿ, ನಾಲ್ಕನೆಯ ವಾರ ಇನ್ನೊಂದು, ಎಂಟನೆಯ ವಾರ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಅಥವಾ ಇನ್ನೂ ಹೆಚ್ಚು ಇರುತ್ತದೆ, ಬೆರೆಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಬಡಾವಣೆಯಲ್ಲಿ ಬೇರೆ ಯಾರ ಮನೆಯಲ್ಲಿ ಕೋಳಿ ಇವೆ ಎಂದು ವಿಚಾರಿಸಿ ಒಂದೇ ದಿನ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಲಸಿಕೆಯ ಚೀಟಿ ಬರೆಸಿಕೊಂಡು ಜೋಪಾನವಾಗಿಡಿ, ಸಂಘದ ಮುಂದೆ ಅದು ಬಹಳ ಬೆಲೆಯ ಕಾಗದ.

ಈಗ ಉತ್ತರ ಪತ್ರ. ಒಂದೇ ಪುಟ ಸಾಕು. "ನಿಮ್ಮ ನೋಟಿಸು ತಲುಪಿದೆ. ಹುಂಜವನ್ನು ಇಂಥ ದಿನ ಊರಿಗೆ ಕಳಿಸಿದ್ದೇನೆ. ಏಳು ಹೇಂಟೆಗಳನ್ನು ಮುಚ್ಚಿದ ಗೂಡಿನಲ್ಲಿ, ನನ್ನ ನಿವೇಶನದೊಳಗೇ ಸಾಕುತ್ತೇನೆ. ಎರಡು ದಿನಕ್ಕೊಮ್ಮೆ ಸ್ವಚ್ಛ ಮಾಡುತ್ತೇನೆ. ಲಸಿಕೆ ಹಾಕಿಸಿದ್ದೇನೆ. ಸಂಘದ ಪದಾಧಿಕಾರಿಗಳು ಬಂದು ನೋಡಬಹುದು. ಕೋಳಿ ಸಾಕುವುದನ್ನು ನಿಷೇಧಿಸುವ ಬೈಲಾ ಅಥವಾ ಕ್ರಯಪತ್ರದ ಷರತ್ತು ಇದ್ದರೆ ಅದರ ಪ್ರತಿ ಕೊಡಿ. ದಂಡವನ್ನು ನಾನು ಒಪ್ಪಿಲ್ಲ." ಇಷ್ಟು ಬರೆದು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ.

ಅದಾದ ಮೇಲೂ ಅವರಿಗೆ ಸಮಾಧಾನವಾಗದಿದ್ದರೆ ದಾರಿ ಇದೆ. ಪಾಲಿಕೆಯ ಆರೋಗ್ಯ ಶಾಖೆಗೆ ದೂರು ಕೊಡಬಹುದು. ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ಸಾರ್ವಜನಿಕ ಉಪದ್ರವ ಎಂದು ಹೋಗಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಂ ಆಗಿದ್ದದ್ದು ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಂ. ಅಲ್ಲಿಯೂ ನಿಮ್ಮ ಮಾತು ಕೇಳದೆ ಅಂತಿಮ ಆದೇಶ ಮಾಡುವುದಿಲ್ಲ. ನಿಮ್ಮ ಹಿತ್ತಲಿಗೆ ಅಧಿಕಾರಿ ಬಂದು ನೋಡಿದಾಗ ಒಣಗಿದ ಹೊಟ್ಟು, ಹುಂಜವಿಲ್ಲದ ಗೂಡು, ಲಸಿಕೆಯ ಚೀಟಿ ಕಾಣಬೇಕು. ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ.

ಯಾರಾದರೂ ಸಿಟ್ಟಿಗೆ ವಿಷ ಇಟ್ಟರೆ ಸುಮ್ಮನಿರಬೇಡಿ. ಪ್ರಾಣಿಯನ್ನು ವಿಷವಿಟ್ಟು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಅಪರಾಧ, ಐದು ವರ್ಷದವರೆಗೆ ಶಿಕ್ಷೆಯಿದೆ.

ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸಬೇಡಿ. ಇಪ್ಪತ್ತೊಂದು ದಿನ ತುಂಬಬೇಕು. ಅಷ್ಟರೊಳಗೆ ಸಂಘದ ಗಡುವು ಮುಗಿದರೆ ಮುಗಿಯಲಿ. ಗೂಡು ಎತ್ತರಿಸುವ ಕೆಲಸಕ್ಕೆ ಜಾಗ ಬದಲಿಸಲೇಬೇಕಾದರೆ ಕತ್ತಲಾದ ಮೇಲೆ ಬುಟ್ಟಿಯ ಸಮೇತ, ತತ್ತಿ ಅಲುಗದಂತೆ ಎತ್ತಿ ಒಳಮನೆಯ ಮೂಲೆಗೆ ಇಡಿ, ಬೆಳಗಾಗುವಷ್ಟರಲ್ಲಿ ಹೊಂದಿಕೊಂಡಿರುತ್ತದೆ. ಒಡೆದ ಮರಿಗಳಲ್ಲಿ ಅರ್ಧ ಹುಂಜಗಳೇ ಇರುತ್ತವೆ. ನಾಲ್ಕನೆಯ ತಿಂಗಳಿಗೆ ಕೂಗಲು ಕಲಿಯುತ್ತವೆ, ಅದಕ್ಕೆ ಮೊದಲೇ ಅವು ಸಿರುಗುಪ್ಪದ ಬಸ್ಸು ಹತ್ತಬೇಕು.

ನನ್ನ ಅವ್ವನ ಹತ್ತಿರವೂ ಏಳೆಂಟು ಹೇಂಟೆಗಳಿದ್ದವು. 1974ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಸೇರಲು ನಾನು ಬೆಂಗಳೂರಿಗೆ ಹೊರಟಾಗ ಅಪ್ಪನ ಕೈಯಲ್ಲಿ ಹಣವಿರಲಿಲ್ಲ. ರೈಲಿನ ಟಿಕೇಟಿಗೆ ಅವ್ವ ಬಿಚ್ಚಿದ್ದು ತತ್ತಿ ಮಾರಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗಂಟು. ಹೊಲ ಗಂಡನದು, ಎತ್ತು ಗಂಡನದು, ಕೋಳಿಯ ದುಡ್ಡು ಮಾತ್ರ ಹೆಂಗಸಿನದು ಎಂಬ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಎರಡು ಮನೆಗೆ ತತ್ತಿ ಮಾರುತ್ತೇನೆ ಎಂದು ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ.

ಪ್ರಶ್ನೆ: ರಾಯಚೂರಿನಲ್ಲಿ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಮಗಳ ಹಟಕ್ಕೆ ಎರಡು ಗಿರಿರಾಜ ಮರಿ ತಂದು ಬಾಲ್ಕನಿಯಲ್ಲಿ ಸಾಕುತ್ತಿದ್ದೇನೆ. ಮಾಲೀಕರ ಸಂಘ ಬೇಡ ಎನ್ನುತ್ತಿದೆ. ನಾಯಿ ಸಾಕಲು ಬಿಟ್ಟವರು ಕೋಳಿಗೆ ಯಾಕೆ ತಡೆಯಬೇಕು?
(ಬ್ಯಾಂಕ್ ನೌಕರರು, ರಾಯಚೂರು)

ಉತ್ತರ: ಇಲ್ಲಿ ನಾನು ಸಂಘದ ಕಡೆ. ಅಪಾರ್ಟ್‌ಮೆಂಟುಗಳಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅದರಂತೆ ಘೋಷಣಾ ಪತ್ರ ನೋಂದಣಿಯಾಗಿದ್ದರೆ ಬೈಲಾ ಎಲ್ಲ ಮಾಲೀಕರನ್ನೂ, ಅವರ ಮನೆಯಲ್ಲಿ ಬಾಡಿಗೆಗಿರುವ ನಿಮ್ಮನ್ನೂ ಕಟ್ಟುತ್ತದೆ. ಬಡಾವಣೆಯ ಸಂಘಕ್ಕಿಲ್ಲದ ಬಲ ಇದಕ್ಕಿದೆ. ಅದಕ್ಕಿಂತ ದೊಡ್ಡ ಕಾರಣ ಕೋಳಿಯದೇ. ಕೋಳಿಗೆ ಮಣ್ಣು ಬೇಕು. ಕೆದರಬೇಕು, ಬೂದಿ ಮಣ್ಣಿನಲ್ಲಿ ಹೊರಳಿ ಹೇನು ಕಳೆದುಕೊಳ್ಳಬೇಕು. ಟೈಲ್ಸಿನ ಮೇಲೆ ಬೆಳೆದ ಗಿರಿರಾಜ, ಮೊದಲೇ ಮೈಭಾರದ ತಳಿ, ಕಾಲು ಸೊಟ್ಟಗಾಗಿ ನರಳುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ ಬೆಂಕಿಯ ಒಲೆ.

ಮಗಳಿಗೆ ಕಾರಣವನ್ನು ಸರಿಯಾಗಿ ಹೇಳಿ, ಸಂಘದವರು ಕೆಟ್ಟವರು ಎಂದು ಹೇಳಬೇಡಿ. ಹಳ್ಳಿಯಲ್ಲಿ ಪರಿಚಯದವರ ಮನೆಗೆ ಮರಿಗಳನ್ನು ಕೊಟ್ಟು, ತಿಂಗಳಿಗೊಮ್ಮೆ ಮಗುವನ್ನು ಕರೆದೊಯ್ದು ತೋರಿಸಿ. ಮೊದಲ ತತ್ತಿ ಇಟ್ಟ ದಿನ ಫೋನು ಮಾಡಲು ಆ ಮನೆಯವರಿಗೆ ಹೇಳಿ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಶಿಕ್ಷಕ. ನಮ್ಮ ಕಾಂಪೌಂಡಿಗೆ ಹತ್ತಿದಂತೆ ಪಕ್ಕದವರು ಅರವತ್ತು ಕೋಳಿ ಸಾಕುತ್ತಾರೆ, ಕೊಯ್ದು ಮಾರುವುದೂ ಉಂಟು. ಮೂರು ಹುಂಜಗಳನ್ನು ಕಾಲಿಗೆ ಹಗ್ಗ ಕಟ್ಟಿ ಬೇರೆಯೇ ಸಾಕಿದ್ದಾರೆ. ಆಸ್ತಮಾ ಇರುವ ನನ್ನ ತಾಯಿಯ ಕೋಣೆಯ ಕಿಟಕಿ ಆ ಕಡೆಗೇ ಇದೆ. ಸಂಘಕ್ಕೆ ಹೇಳಿದರೆ ಅದು ನಮ್ಮ ಕೆಲಸವಲ್ಲ ಎನ್ನುತ್ತದೆ. ಪಕ್ಕದವರು ನಮಗೆ ಹಳೆಯ ಬೇಕಾದವರು, ಮಾತು ಕೆಡಿಸಿಕೊಳ್ಳಲು ಮನಸ್ಸಿಲ್ಲ.
(ಶಿಕ್ಷಕರು, ಕೊಪ್ಪಳ)

ಉತ್ತರ: ಗುರುಗಳೇ, ಅರವತ್ತು ಕೋಳಿ ಎಂದರೆ ದಿನಕ್ಕೆ ಆರು ಕಿಲೋ ಹಿಕ್ಕೆ, ತಿಂಗಳಿಗೆ ಒಂದೂ ಮುಕ್ಕಾಲು ಕ್ವಿಂಟಲಿಗೂ ಮೇಲೆ. ಅದು ಮನೆಬಳಕೆಯ ಸಾಕಣೆಯಲ್ಲ, ವ್ಯಾಪಾರ. ಮನೆಗಳ ನಡುವೆ ಕೊಯ್ದು ಮಾರಲು ನಗರಸಭೆಯ ಪರವಾನಗಿ ಬೇಕು. ಅಮೋನಿಯಾದ ಗಾಳಿಯೂ ಒಣ ಹಿಕ್ಕೆಯ, ಪುಕ್ಕದ ಧೂಳೂ ಆಸ್ತಮಾದವರಿಗೆ ನಿಜವಾಗಿ ಕೆಡುಕು. ನಿಮ್ಮ ತಾಯಿಯವರು ಸುಳ್ಳೇ ಗೊಣಗುತ್ತಿಲ್ಲ. ಇವತ್ತೇ ಅವರ ಹಾಸಿಗೆಯನ್ನು ಇನ್ನೊಂದು ಕೋಣೆಗೆ ಬದಲಿಸಿ. ಉಳಿದದ್ದಕ್ಕೆ ಸಮಯ ಹಿಡಿಯುತ್ತದೆ, ಅವರ ಉಸಿರು ಅಲ್ಲಿಯವರೆಗೆ ಕಾಯಲಾರದು.

ಹಳೆಯ ಬೇಕಾದವರು ಎಂದಿರಿ, ಹಾಗಾದರೆ ಮೊದಲು ಮನೆಗೆ ಹೋಗಿ ಮಾತಾಡಿ. ಬೀದಿಯಲ್ಲಿ ನಿಂತು, ನಾಲ್ಕು ಜನರ ಮುಂದೆ ಆಡಿದ ಮಾತು ಜಗಳವಾಗುತ್ತದೆ. ಕೋಳಿ ತೆಗೆಯಿರಿ ಎಂದು ಶುರು ಮಾಡಬೇಡಿ. ಅವ್ವನಿಗೆ ಉಸಿರಾಟ ಕಷ್ಟವಾಗಿದೆ, ಗೂಡನ್ನು ಆಚೆಯ ಗೋಡೆಗೆ ಸರಿಸಿ, ಸಂಖ್ಯೆಯನ್ನು ಹತ್ತಕ್ಕೆ ಇಳಿಸಿ, ವ್ಯಾಪಾರದ ಕೋಳಿಗಳನ್ನು ಹೊಲಕ್ಕೆ ಒಯ್ಯಿರಿ ಎಂದು ಕೇಳಿ. ಹೊಟ್ಟು ಹರಡುವ ಬಗ್ಗೆ ಮೇಲಿನ ಉತ್ತರದಲ್ಲಿ ಬರೆದದ್ದನ್ನು ಅವರಿಗೂ ಓದಿ ಹೇಳಬಹುದು, ಹೊಟ್ಟನ್ನು ಅವರು ಗಂಗಾವತಿಯ ಗಿರಣಿಗಳಿಂದ ತರಿಸಲಿ. ಒಂದು ತಿಂಗಳು ಕೊಡಿ.

ಮೂರು ಹುಂಜಗಳ ವಿಷಯ ನನ್ನನ್ನು ಕಾಡುತ್ತಿದೆ. ಕಾಲಿಗೆ ಹಗ್ಗ ಕಟ್ಟಿ, ಬೇರೆಯೇ ಕಾಳು ಹಾಕಿ ಸಾಕುವ ಹುಂಜ ಸಾಮಾನ್ಯವಾಗಿ ಪಂದ್ಯದ ಹುಂಜ. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸಿದ ಹುಂಜಗಳ ಹೊಟ್ಟೆಗೆ ನಾನು 1990ರ ಸುಮಾರಿನಲ್ಲಿ ಹೊಲಿಗೆ ಹಾಕಿದ್ದೇನೆ, ಸಂಕ್ರಾಂತಿಯ ಮರುದಿನ. ಬದುಕಿದವು ಕಡಿಮೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಪ್ರಾಣಿಗಳನ್ನು ಕಾದಾಡಿಸುವುದು ಅಪರಾಧ. ನಿಮ್ಮ ಪಕ್ಕದವರದೂ ಅದೇ ಎಂದು ನಾನು ಆರೋಪ ಮಾಡಲಾರೆ, ಕಣ್ಣಾರೆ ನೋಡಿಲ್ಲ. ಪಂದ್ಯ ನಡೆಯುತ್ತಿರುವುದು ನಿಮಗೆ ಗೊತ್ತಾದ ದಿನ ಸ್ನೇಹದ ಮುಲಾಜು ನೋಡದೆ ಪೊಲೀಸರಿಗೆ ತಿಳಿಸಿ.

ತಿಂಗಳು ಕಳೆದರೂ ಏನೂ ಬದಲಾಗದಿದ್ದರೆ ನಗರಸಭೆಯ ಪೌರಾಯುಕ್ತರಿಗೆ ಅರ್ಜಿ ಬರೆಯಿರಿ. ವಾಸನೆ ಹೆಚ್ಚಾಗುವ ದಿನ, ಹೊತ್ತು, ತಾಯಿಯವರಿಗೆ ಉಬ್ಬಸ ಎದ್ದ ರಾತ್ರಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ, ವೈದ್ಯರ ಚೀಟಿ ಲಗತ್ತಿಸಿ. ಅರ್ಜಿಯಲ್ಲಿ ಪಕ್ಕದವರ ಜಾತಿ, ಊಟ, ಹಳೆಯ ಜಗಳ ಯಾವುದೂ ಬರಬಾರದು. ಇಂಥ ಅರ್ಜಿಗಳಲ್ಲಿ ಆ ಮಾತುಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ, ಕೋಳಿಯ ಜಗಳ ಓಣಿಯ ಜಗಳವಾಗಿದ್ದನ್ನೂ ನೋಡಿದ್ದೇನೆ. ಕೋಳಿ ಎಷ್ಟು, ಗೋಡೆಯಿಂದ ಎಷ್ಟು ಅಡಿ, ಹಿಕ್ಕೆ ತೆಗೆಯುವುದು ಎಷ್ಟು ದಿನಕ್ಕೊಮ್ಮೆ, ಇಷ್ಟು ಮಾತ್ರ ಬರೆಯಿರಿ. ಸ್ಥಳ ನೋಡಲು ಆರೋಗ್ಯ ನಿರೀಕ್ಷಕರು ಬಂದಾಗ ಪಶು ಆಸ್ಪತ್ರೆಯ ವೈದ್ಯರನ್ನೂ ಜೊತೆಗೆ ಕರೆತರುವಂತೆ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ.